ಎರಡು ಒಲೆಗಳ ಲೆಕ್ಕ

ಭಾರತದ ಜನಗಣತಿಯ ಲೆಕ್ಕದಲ್ಲಿ, ಸಾಮಾನ್ಯವಾಗಿ ಒಂದೆಡೆ ವಾಸಿಸುತ್ತ ಒಂದೇ ಅಡುಗೆಮನೆಯ ಊಟವನ್ನು ಉಣ್ಣುವವರೆಲ್ಲ ಸೇರಿ ಒಂದು ಕುಟುಂಬ. ಒಡಹುಟ್ಟಿದವರಾದರೂ ಒಲೆ ಬೇರೆಯಾದರೆ ಕುಟುಂಬ ಎರಡಾಗುತ್ತದೆ, ಬಂಧುಗಳಲ್ಲದವರು ಒಂದೇ ಒಲೆಗೆ ಸೇರಿದರೆ ಒಂದಾಗುತ್ತದೆ. ಈ ವ್ಯಾಖ್ಯೆಯನ್ನು ಅನುಸರಿಸಿದರೆ, ಕಲಬುರಗಿ ಜಿಲ್ಲೆಯ ಹಳ್ಳಿಯೊಂದರಿಂದ ಬಂದು ಪುಣೆ ಜಿಲ್ಲೆಯ ದೌಂಡದಲ್ಲಿ ಬಾಡಿಗೆ ಕೋಣೆ ಹಿಡಿದು ದುಡಿಯುವ ಯುವಕ ಏಕವ್ಯಕ್ತಿ ಕುಟುಂಬವೊಂದರ ಯಜಮಾನನಾಗುತ್ತಾನೆ, ಊರಿನಲ್ಲಿರುವ ಅವನ ತಂದೆತಾಯಿ ಇನ್ನೊಂದು ಕುಟುಂಬವಾಗುತ್ತಾರೆ. ಆದರೆ ಅವನ ಸಂಬಳ ಎರಡೂ ಕಡೆಯ ಒಲೆಗಳನ್ನು ಉರಿಸುತ್ತದೆ, ಊರಿನಲ್ಲಿ ಬಿತ್ತನೆಗೆ ಬೀಜ ಕೊಳ್ಳುವಾಗ ಇಲ್ಲಿ ಉಣ್ಣುವ ತಟ್ಟೆ ಸಣ್ಣದಾಗುತ್ತದೆ, ಇಲ್ಲಿ ಜ್ವರ ಬಂದರೆ ಅಲ್ಲಿ ಕಿರಾಣಿ ಅಂಗಡಿಯ ಉದ್ದರಿ ಬೆಳೆಯುತ್ತದೆ. ಒಂಟಿಯಾಗಿ ಬದುಕುವವರಿಗೆಂದು ಬರೆಯಲಾಗುವ ಹಣಕಾಸಿನ ಸಲಹೆಗಳಲ್ಲಿ ಹೆಚ್ಚಿನವು, ಒಬ್ಬನ ಆದಾಯ ಒಬ್ಬನಿಗೇ ಸೇರಿದ್ದೆಂಬ ನಂಬಿಕೆಯ ಮೇಲೆ ನಿಂತಿವೆ. ದೌಂಡದಂಥ ಊರಿನ ಒಂಟಿ ಬಾಳುವೆಗೆ ಆ ನಂಬಿಕೆ ಹೊಂದುವುದಿಲ್ಲವಾದ್ದರಿಂದ ಅದರ ಲೆಕ್ಕವನ್ನು ಬೇರೆಯಾಗಿಯೇ ಬರೆಯಬೇಕಾಗುತ್ತದೆ.

ದೌಂಡ ಪುಣೆ ಜಿಲ್ಲೆಯ ಪೂರ್ವಭಾಗದಲ್ಲಿ ಭೀಮಾ ನದಿಯ ದಂಡೆಯ ಮೇಲಿರುವ ತಾಲೂಕು ಕೇಂದ್ರ. ಇದೇ ಭೀಮೆ ಮುಂದೆ ಉಜನಿ ಜಲಾಶಯವನ್ನೂ ಪಂಢರಪುರವನ್ನೂ ದಾಟಿ, ವಿಜಯಪುರ, ಕಲಬುರಗಿ, ಯಾದಗಿರಿ ಜಿಲ್ಲೆಗಳಲ್ಲಿ ಹರಿದು, ರಾಯಚೂರಿಗೆ ಉತ್ತರದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಮುಂಬೈ–ಸೋಲಾಪುರ ಮಾರ್ಗದಿಂದ ಮನಮಾಡದ ಕಡೆಗೆ ಕವಲೊಡೆಯುವ ರೈಲುದಾರಿ 1878ರಲ್ಲಿ ತೆರೆದ ಮೇಲೆ ಈ ಊರು ಜಂಕ್ಷನ್ ಆಯಿತು. ರೈಲ್ವೆ ವಸಾಹತುಗಳು ಹುಟ್ಟಿದವು, ಚಾಲಕರೂ ಗಾರ್ಡುಗಳೂ ಬದಲಾಗುವ ಠಾಣೆಯಾಯಿತು. ಇತ್ತೀಚಿನವರೆಗೂ ದೌಂಡ ಮಧ್ಯ ರೈಲ್ವೆಯ ಸೋಲಾಪುರ ವಿಭಾಗಕ್ಕೆ ಸೇರಿತ್ತು, ಆ ವಿಭಾಗ ದೌಂಡದಿಂದ ಕಲಬುರಗಿಯನ್ನು ಹಾದು ವಾಡಿಯವರೆಗೆ ಹಬ್ಬಿತ್ತು. ಹೀಗಾಗಿ ಕಲಬುರಗಿ, ಶಹಾಬಾದ, ವಾಡಿ ಕಡೆಯ ನೌಕರರು ದೌಂಡಕ್ಕೆ ವರ್ಗವಾಗಿ ಬರುವುದು, ಭಾಷೆಯ ಗಡಿಯನ್ನು ದಾಟಿದರೂ, ಆಡಳಿತದ ದೃಷ್ಟಿಯಲ್ಲಿ ಒಂದೇ ಮನೆಯ ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋದಂತೆಯೇ ಇತ್ತು. ರೈಲ್ವೆಯ ಜೊತೆಗೆ ರಾಜ್ಯ ಮೀಸಲು ಪೊಲೀಸ್ ಪಡೆಯ ತುಕಡಿಗಳು ಇಲ್ಲಿ ನೆಲೆಸಿವೆ. ಪುಣೆ–ಸೋಲಾಪುರ ಹೆದ್ದಾರಿಯ ಬದಿಯ ಕುರಕುಂಭದಲ್ಲಿ ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮದ, ಅಂದರೆ ಜನರ ಬಾಯಲ್ಲಿ ಎಂಐಡಿಸಿಯ, ರಾಸಾಯನಿಕ ಕಾರ್ಖಾನೆಗಳಿವೆ. ಕಲಬುರಗಿ ಇಲ್ಲಿಂದ ಸುಮಾರು 300 ಕಿಲೋಮೀಟರ್ ದೂರ, ಉದ್ಯಾನ್ ಎಕ್ಸ್‌ಪ್ರೆಸ್ ಇದೇ ಹಳಿಯ ಮೇಲೆ ಬೆಂಗಳೂರಿನವರೆಗೆ ಓಡುತ್ತದೆ. ದೌಂಡ ಇಷ್ಟು ಹತ್ತಿರವಿದ್ದರೂ, ಹೊರನಾಡಿನ ಕನ್ನಡಿಗನೆಂದರೆ ನಮ್ಮ ಸಾಹಿತ್ಯಕ್ಕೆ ಮೊದಲು ನೆನಪಾಗುವುದು ಮುಂಬೈ. ಯಶವಂತ ಚಿತ್ತಾಲರ ‘ಶಿಕಾರಿ’ಯಿಂದ ಜಯಂತ ಕಾಯ್ಕಿಣಿಯವರ ಕಥೆಗಳವರೆಗೆ ಆ ಮಹಾನಗರದ ಏಕಾಂತ ದಟ್ಟವಾಗಿ ಬಂದಿದೆ. ಜಂಕ್ಷನ್ ಊರಿನ ಒಂಟಿತನಕ್ಕೆ ಅಂಥ ಪ್ರಭೆಯಿಲ್ಲ. ಊರು ಒಂದು ರಾತ್ರಿಯ ಪ್ರಯಾಣದಷ್ಟು ಹತ್ತಿರವಿರುವುದರಿಂದ ಇಲ್ಲಿಗೆ ಬಂದವನು ಪೂರ್ತಿ ವಲಸಿಗನೂ ಆಗುವುದಿಲ್ಲ, ಪೂರ್ತಿ ಊರಿನವನಾಗಿ ಉಳಿಯುವುದೂ ಇಲ್ಲ.

ಒಂಟಿಯಾಗಿರುವುದರ ಬೆಲೆಯನ್ನು ಅರ್ಥಶಾಸ್ತ್ರ ಒಂದು ಸರಳ ಮಾಪಕದಿಂದ ಅಳೆಯುತ್ತದೆ. ಒಂದು ಮನೆಯಲ್ಲಿ ಜನ ಇಮ್ಮಡಿಯಾದರೆ ಖರ್ಚು ಇಮ್ಮಡಿಯಾಗುವುದಿಲ್ಲ, ಏಕೆಂದರೆ ಬಾಡಿಗೆ, ದೀಪ, ಒಲೆ, ನೀರಿನ ಕೊಡ, ಕಸಬರಿಗೆಗಳೆಲ್ಲ ಹಂಚಿಕೆಯಾಗುತ್ತವೆ. ಈ ಉಳಿತಾಯವನ್ನು ಅಂಕಿಯಲ್ಲಿ ಹಿಡಿಯುವ ಕ್ರಮಕ್ಕೆ ಸಮತುಲ್ಯತಾ ಮಾಪಕವೆನ್ನುತ್ತಾರೆ. ಅಭಿವೃದ್ಧಿ ಹೊಂದಿದ ದೇಶಗಳ ಒಕ್ಕೂಟವಾದ ಒಇಸಿಡಿಯ ಹೆಸರಿನಲ್ಲಿ ಬಳಕೆಯಲ್ಲಿರುವ ಪರಿಷ್ಕೃತ ಮಾಪಕದಲ್ಲಿ ಮನೆಯ ಮೊದಲ ವಯಸ್ಕನಿಗೆ 1, ಮುಂದಿನ ಪ್ರತಿ ವಯಸ್ಕನಿಗೆ 0.5, ಹದಿನಾಲ್ಕಕ್ಕಿಂತ ಕಡಿಮೆ ವಯಸ್ಸಿನ ಪ್ರತಿ ಮಗುವಿಗೆ 0.3 ಎಂದು ಎಣಿಸುತ್ತಾರೆ. ತಂದೆ, ತಾಯಿ, ಶಾಲೆಗೆ ಹೋಗುವ ಚಿಕ್ಕ ತಮ್ಮ, ದುಡಿಯುವ ಮಗ ಎಲ್ಲರೂ ಒಂದೇ ಸೂರಿನಡಿ ಇದ್ದರೆ ಆ ಮನೆಯ ಅಗತ್ಯ 2.3, ಮಗ ದೌಂಡಕ್ಕೆ ಹೋದ ಮೇಲೆ ಊರಿನ ಮನೆ 1.8 ಆಗುತ್ತದೆ, ದೌಂಡದ ಕೋಣೆ 1 ಆಗುತ್ತದೆ, ಎರಡೂ ಸೇರಿ 2.8. ಅಂದರೆ ಅದೇ ನಾಲ್ಕು ಜನ ಅದೇ ಮಟ್ಟದಲ್ಲಿ ಬದುಕಲು ಸುಮಾರು ಶೇಕಡ 22ರಷ್ಟು ಹೆಚ್ಚು ಹಣ ಬೇಕು. ಈ ಮಾಪಕ ಯುರೋಪಿನ ಮನೆಗಳ ಅಳತೆಗೆ ಬಂದದ್ದು, ಊಟದ ಖರ್ಚಿನ ಪಾಲು ದೊಡ್ಡದಾಗಿರುವ ನಮ್ಮ ಮನೆಗಳಲ್ಲಿ ಹಂಚಿಕೆಯ ಲಾಭ ಇನ್ನೂ ಕಡಿಮೆ ಇರಬಹುದು. ಆದರೂ ಅದು ತೋರಿಸುವ ದಿಕ್ಕು ಸರಿಯಾಗಿಯೇ ಇದೆ. ದೌಂಡದಲ್ಲಿ ಸಿಗುವ ಕೆಲಸವನ್ನು ಊರಿನ ಕೂಲಿಯೊಂದಿಗೆ ಹೋಲಿಸುವಾಗ ಈ ಐದನೆಯ ಒಂದು ಭಾಗದಷ್ಟು ಹೆಚ್ಚುವರಿಯನ್ನು ಮೊದಲೇ ಕಳೆಯಬೇಕು. ಅದನ್ನು ಕಳೆಯದೆ ಹೊರಟವರಿಗೆ ಆರು ತಿಂಗಳಾದ ಮೇಲೆ, ಇಷ್ಟು ದುಡಿದರೂ ಏನೂ ಉಳಿಯುತ್ತಿಲ್ಲವೆಂಬ ಬೇಸರ ಹತ್ತುತ್ತದೆ, ಆ ಬೇಸರವನ್ನು ಅವರು ತಮ್ಮದೇ ದುಂದುಗಾರಿಕೆಯೆಂದು ತಪ್ಪಾಗಿ ತಿಳಿಯುತ್ತಾರೆ.

ಇದೇ ಕಾರಣಕ್ಕೆ ಸರಾಸರಿ ಅಂಕಿಗಳೂ ಒಂಟಿಯಾಗಿರುವವರಿಗೆ ದಾರಿ ತೋರಿಸುವುದಿಲ್ಲ. ಕೇಂದ್ರ ಸರ್ಕಾರದ 2023–24ರ ಕುಟುಂಬ ಬಳಕೆ ವೆಚ್ಚ ಸಮೀಕ್ಷೆಯು ತಲೆಗೆ ತಿಂಗಳ ಖರ್ಚನ್ನು ಗ್ರಾಮಗಳಲ್ಲಿ 4,122 ರೂಪಾಯಿಯೆಂದೂ ನಗರಗಳಲ್ಲಿ 6,996 ರೂಪಾಯಿಯೆಂದೂ ಕಂಡುಕೊಂಡಿತು. ಈ ಮೊತ್ತ ಇಡೀ ಮನೆಯ ಖರ್ಚನ್ನು ತಲೆಯೆಣಿಕೆಯಿಂದ ಭಾಗಿಸಿ ಬಂದದ್ದರಿಂದ, ಒಬ್ಬನೇ ಇರುವವನು ಅಷ್ಟರಲ್ಲೇ ಮುಗಿಸುತ್ತೇನೆಂದು ಹೊರಟರೆ ಬಾಡಿಗೆಯಲ್ಲೇ ಎಡವುತ್ತಾನೆ. ಅಮೆರಿಕದ ಎಲಿಜಬೆತ್ ವಾರೆನ್ ಮತ್ತು ಅವರ ಮಗಳು 2005ರ ಪುಸ್ತಕವೊಂದರಲ್ಲಿ ಜನಪ್ರಿಯಗೊಳಿಸಿದ 50–30–20 ಎಂಬ ಸೂತ್ರವೂ, ಅಂದರೆ ಕೈಗೆ ಬಂದದ್ದರಲ್ಲಿ ಅರ್ಧ ಅಗತ್ಯಕ್ಕೆ, ಶೇಕಡ 30 ಇಷ್ಟಕ್ಕೆ, ಶೇಕಡ 20 ಉಳಿತಾಯಕ್ಕೆ ಎಂಬುದೂ, ಇಲ್ಲಿ ನಿಲ್ಲುವುದಿಲ್ಲ. ಊರಿಗೆ ಕಳಿಸುವ ಹಣವನ್ನು ಆ ಸೂತ್ರದ ಯಾವ ಖಾನೆಗೂ ಹಾಕಲಾಗುವುದಿಲ್ಲ. ಅದು ಕಳಿಸುವವನ ಅಗತ್ಯವೂ ಹೌದು, ಇಷ್ಟವೂ ಹೌದು, ಮುಂದೊಂದು ದಿನ ತಾನು ಕೆಲಸವಿಲ್ಲದೆ ಮರಳಿದಾಗ ಆ ಮನೆಯಲ್ಲಿ ಸಿಗಬಹುದಾದ ಆಸರೆಗೆ ಕಟ್ಟುವ ಕಂತೂ ಹೌದು.

ಒಂಟಿ ದುಡಿಮೆಗಾರನನ್ನು ದೌಂಡ ತಾಲೂಕಿನ ಇನ್ನೊಂದು ಶ್ರಮಲೋಕ ಹೇಗೆ ಎಣಿಸುತ್ತದೆಂಬುದನ್ನು ಇಲ್ಲಿ ಹೇಳಬೇಕು. ಕಬ್ಬು ಕಡಿಯಲು ಬರುವ ತಂಡಗಳಲ್ಲಿ ಗಂಡಹೆಂಡಿರ ಜೋಡಿಯೇ ಒಂದು ಘಟಕ. ಕಡಿಯುವ ಕತ್ತಿಯ ಹೆಸರಿನಿಂದಲೇ ಅದಕ್ಕೆ ಕೊಯ್ತಾ ಎನ್ನುತ್ತಾರೆ, ಹಂಗಾಮಿಗೆ ಮೊದಲು ಕೊಡುವ ಮುಂಗಡವಾದ ಉಚಲ್ ಕೂಡ ಆ ಜೋಡಿಗೇ ಸಲ್ಲುತ್ತದೆ, ಒಬ್ಬನೇ ಬಂದವನು ಅರ್ಧ ಕೊಯ್ತಾ.

ಕೋಣೆಯ ವಿಷಯದಲ್ಲಿ ಮಹಾರಾಷ್ಟ್ರದ ಕಾನೂನು ಬಾಡಿಗೆದಾರನಿಗೆ ಅವನು ಊಹಿಸುವುದಕ್ಕಿಂತ ಹೆಚ್ಚು ರಕ್ಷಣೆ ಕೊಟ್ಟಿದೆ. ಇಲ್ಲಿ ಬಳಕೆಯಲ್ಲಿರುವ ಲೀವ್ ಅಂಡ್ ಲೈಸೆನ್ಸ್ ಕರಾರು, ಅಂದರೆ ಮಾಲೀಕತ್ವದ ಯಾವ ಹಕ್ಕನ್ನೂ ಬಿಟ್ಟುಕೊಡದೆ ನಿಗದಿತ ಅವಧಿಗೆ ವಾಸಕ್ಕೆ ಅನುಮತಿ ನೀಡುವ ಪತ್ರ, 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆಯ 55ನೆಯ ಕಲಮಿನ ಪ್ರಕಾರ ಲಿಖಿತವಾಗಿರಬೇಕು, ನೋಂದಣಿಯೂ ಆಗಿರಬೇಕು. ನೋಂದಣಿಯ ಹೊಣೆ ಮಾಲೀಕನದು, ನೋಂದಾಯಿಸದಿದ್ದರೆ ಷರತ್ತುಗಳ ಬಗ್ಗೆ ಬಾಡಿಗೆದಾರ ಹೇಳುವ ಮಾತೇ, ಬೇರೆ ರೀತಿಯಲ್ಲಿ ಸಾಬೀತಾಗುವವರೆಗೆ, ನಿಲ್ಲುತ್ತದೆ. ಬಾಯಿಮಾತಿನಲ್ಲಿ ಡಿಪಾಝಿಟ್ ಕೊಟ್ಟು ಕೋಣೆ ಹಿಡಿಯುವುದು ಸುಲಭವೆನಿಸಿದರೂ, ನೋಂದಣಿಯಾದ ಕರಾರು ಆ ಊರಿನಲ್ಲಿ ಬಂಧುಬಳಗವಿಲ್ಲದವನಿಗೆ ವಿಳಾಸದ ಪುರಾವೆಯಾಗಿಯೂ ಒದಗುತ್ತದೆ, ಬ್ಯಾಂಕಿನಿಂದ ಅಡುಗೆ ಅನಿಲದ ಸಂಪರ್ಕದವರೆಗೆ ಅದು ಕೇಳಿಬರುತ್ತಲೇ ಇರುತ್ತದೆ. ಆ ಪತ್ರವಿಲ್ಲದವರಿಗೆ ಐದು ಕಿಲೋ ತೂಕದ ಸಣ್ಣ ಸಿಲಿಂಡರ್ ಒಂದು ದಾರಿ. ಗುರುತಿನ ಚೀಟಿಯೊಂದನ್ನು ತೋರಿಸಿದರೆ ವಿಳಾಸದ ಪುರಾವೆ ಇಲ್ಲದೆಯೇ ಅದು ಸಿಗುತ್ತದೆ, ಇಂಡಿಯನ್ ಆಯಿಲ್ ಕಂಪನಿ ಅದನ್ನು ಛೋಟೂ ಎಂಬ ಹೆಸರಿನಲ್ಲಿ ಮಾರುತ್ತದೆ. ಸಹಾಯಧನವಿಲ್ಲದ ಈ ಅನಿಲ ಕಿಲೋ ಲೆಕ್ಕದಲ್ಲಿ ದುಬಾರಿಯೆಂಬುದು ನಿಜ. ಬಡವರು ಸರಕಿಗೆ ಹೆಚ್ಚು ಬೆಲೆ ತೆರಬೇಕಾಗುತ್ತದೆಂಬುದನ್ನು ನ್ಯೂಯಾರ್ಕಿನ ಬಡ ಗ್ರಾಹಕರ ಬಗ್ಗೆ 1963ರಲ್ಲಿ ಡೇವಿಡ್ ಕ್ಯಾಪ್ಲೊವಿಟ್ಜ್ ಬರೆದ ಪುಸ್ತಕ ವಿವರಿಸಿತ್ತು. ದೌಂಡದ ಕೋಣೆಯಲ್ಲಿ ಕಾಲು ಕಿಲೋ ಎಣ್ಣೆಯ ಪ್ಯಾಕೆಟ್ಟೂ ಅದೇ ಮಾತನ್ನು ಹೇಳುತ್ತದೆ.

ಊಟದ ಪ್ರಶ್ನೆ ಇವೆಲ್ಲಕ್ಕಿಂತ ದೊಡ್ಡದು. ಆದಾಯ ಕಡಿಮೆಯಾದಷ್ಟೂ ಅದರಲ್ಲಿ ಆಹಾರದ ಪಾಲು ಹೆಚ್ಚಾಗುತ್ತದೆಂದು ಜರ್ಮನಿಯ ಸಂಖ್ಯಾಶಾಸ್ತ್ರಜ್ಞ ಅರ್ನ್ಸ್ಟ್ ಎಂಗೆಲ್ 1857ರಲ್ಲಿ ತೋರಿಸಿದ. ಒಂಟಿಯಾಗಿರುವವರಲ್ಲಿ ಈ ಪಾಲಿಗೆ ಇನ್ನೊಂದು ಹೊರೆಯೂ ಸೇರುತ್ತದೆ, ಅದು ಸಮಯ. ಹನ್ನೆರಡು ತಾಸಿನ ಪಾಳಿ ಮುಗಿಸಿ ಬಂದವನು ಒಬ್ಬನಿಗಾಗಿ ಬೇಳೆ ಬೇಯಿಸುವ ಹೊತ್ತಿನಲ್ಲಿ ನಾಲ್ವರಿಗೂ ಬೇಯಿಸಬಹುದು, ಪಾತ್ರೆಗಳೂ ಹೆಚ್ಚು ಕಡಿಮೆ ಅಷ್ಟೇ. ದುಡಿಮೆಯ ಊರುಗಳು ಈ ತೊಡಕನ್ನು ಬಹಳ ಹಿಂದೆಯೇ ಖಾನಾವಳಿಯ ಮೂಲಕ ಬಿಡಿಸಿಕೊಂಡಿವೆ. ಹುಬ್ಬಳ್ಳಿ, ವಿಜಯಪುರ, ಕಲಬುರಗಿಯವರಿಗೆ ಲಿಂಗಾಯತ ಖಾನಾವಳಿ ಪರಿಚಿತವಾದಷ್ಟೇ ದೌಂಡದವರಿಗೆ ಅವರ ಖಾನಾವಳ ಪರಿಚಿತ, ತಿಂಗಳಿಗೆ ಇಂತಿಷ್ಟೆಂದು ಮುಂಗಡ ಕೊಟ್ಟು ಎರಡು ಹೊತ್ತು ಉಣ್ಣುವ ಅಥವಾ ಡಬ್ಬಾ ತರಿಸಿಕೊಳ್ಳುವ ಏರ್ಪಾಡು ಎರಡೂ ಕಡೆ ಒಂದೇ ಬಗೆಯದು. ಈ ಏರ್ಪಾಡಿನಲ್ಲಿ ಹಣ ಸೋರುವುದು ಖಾಡಾ ಎಂಬ ಲೆಕ್ಕದಲ್ಲಿ: ಉಣ್ಣಲು ಬಾರದ ದಿನಕ್ಕೆ ಮರಾಠಿಯಲ್ಲಿ ಆ ಹೆಸರು, ಮೊದಲೇ ತಿಳಿಸಿದ ಖಾಡಾ ಮಾತ್ರ ತಿಂಗಳ ಮೊತ್ತದಲ್ಲಿ ವಜಾ ಆಗುತ್ತದೆ, ತಿಳಿಸದ್ದು ಉಂಡದ್ದಾಗಿಯೇ ಎಣಿಕೆಯಾಗುತ್ತದೆ. ಪಾಳಿ ಬದಲಾಗುವ ಕಾರ್ಖಾನೆಯವರೂ, ಕರೆ ಬಂದಾಗ ಹೊರಡಬೇಕಾದ ರೈಲ್ವೆಯವರೂ ಎಷ್ಟು ಊಟಗಳಿಗೆ ಉಣ್ಣದೆಯೇ ಹಣ ಕೊಡುತ್ತಿದ್ದಾರೆಂಬುದನ್ನು ಒಂದು ತಿಂಗಳು ಬರೆದಿಟ್ಟರೆ, ಒಂದು ಹೊತ್ತು ಖಾನಾವಳಿ, ಒಂದು ಹೊತ್ತು ಕೋಣೆಯ ಅಡುಗೆ ಎಂಬ ಅರ್ಧ ಒಪ್ಪಂದ ಅವರಿಗೆ ಹೆಚ್ಚು ಒಗ್ಗುತ್ತದೆಂದು ತಿಳಿದೀತು. ರೈಲ್ವೆ ಈ ಸಮಸ್ಯೆಯನ್ನು ರನ್ನಿಂಗ್ ರೂಮ್ ಎಂಬ ಸಂಸ್ಥೆಯಿಂದ ಎದುರಿಸಿತ್ತು; ಗಾಡಿಯೊಂದಿಗೆ ಬಂದ ಚಾಲಕರೂ ಗಾರ್ಡುಗಳೂ ವಿಶ್ರಮಿಸುವ ಆ ಮನೆಗಳಲ್ಲಿ, ಅವರವರು ತಂದ ಅಕ್ಕಿ, ಹಿಟ್ಟು, ತರಕಾರಿಗಳನ್ನು ಅಡುಗೆಯವನು ಬೇರೆ ಬೇರೆಯಾಗಿ ಬೇಯಿಸಿ ಕೊಡುತ್ತಿದ್ದ.

ಉತ್ತರ ಕರ್ನಾಟಕದಿಂದ ಬಂದವರ ಬಳಿ ಇದಕ್ಕಿಂತ ಹಳೆಯ ಉಪಾಯವೊಂದಿದೆ. ತೆಳ್ಳಗೆ ಬಡಿದು, ಬೇಯಿಸಿ, ನೀರಿನಂಶವೆಲ್ಲ ಆರುವವರೆಗೆ ಒಣಗಿಸಿದ ಕಟಕ ರೊಟ್ಟಿ ಬಟ್ಟೆಯ ಗಂಟಿನಲ್ಲಿ ವಾರಗಟ್ಟಲೆ ಕೆಡದೆ ಇರುತ್ತದೆ. ಶೇಂಗಾ, ಅಗಸಿ, ಗುರೆಳ್ಳಿನ ಚಟ್ನಿಪುಡಿಗಳೂ ಹಾಗೆಯೇ. ಸೋಲಾಪುರದವರು ಇದನ್ನೇ ಕಡಕ್ ಭಾಕರಿ ಎಂದು ಕಟ್ಟಿ ಮಾರುತ್ತಾರೆ, ಅದಕ್ಕೆ ಬೇಕಾದ ಮಾಲದಂಡಿ ಜೋಳ ಸೋಲಾಪುರ, ವಿಜಯಪುರಗಳೆರಡರ ಹಿಂಗಾರಿ ಹೊಲಗಳಲ್ಲೂ ಬೆಳೆಯುತ್ತದೆ. ಒಲೆಯನ್ನೇ ಹಚ್ಚದೆ, ಮೊಸರು ಮತ್ತು ಹಸಿ ಉಳ್ಳಾಗಡ್ಡಿಯೊಂದಿಗೆ ಮುಗಿಯುವ ಈ ಊಟದಲ್ಲಿ ಜೋಳದ ನಾರೂ ಶೇಂಗಾದ ಪ್ರೋಟೀನೂ ಇರುವುದರಿಂದ, ರಾತ್ರಿ ಪಾಳಿಯ ನಂತರ ರೈಲು ನಿಲ್ದಾಣದ ಬದಿಯಲ್ಲಿ ವಡಾಪಾವ್ ತಿಂದು ಮಲಗುವುದಕ್ಕಿಂತ ಇದು ಜೇಬಿಗೂ ಮೈಗೂ ಹಿತ. ಊರಿನಿಂದ ಬರುವ ಗಂಟು ತಾಯಿಯ ಪ್ರೀತಿಯೆಂದು ಮಾತ್ರ ನೆನಪಾಗುತ್ತದೆ. ಅದು ಊರಿನ ಒಲೆ ದೌಂಡದ ಒಲೆಗೆ ಸಲ್ಲಿಸುವ ಪಾವತಿಯೂ ಹೌದು, ಲೆಕ್ಕದ ಪುಸ್ತಕದಲ್ಲಿ ಅದಕ್ಕೊಂದು ಸಾಲು ಇರಬೇಕು.

ಹಾಗೆಯೇ ಪಡಿತರಕ್ಕೂ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ ಆದ್ಯತಾ ಕುಟುಂಬದ ಪ್ರತಿ ಸದಸ್ಯನಿಗೆ ತಿಂಗಳಿಗೆ ಐದು ಕಿಲೋ ಧಾನ್ಯ ಸಲ್ಲುತ್ತದೆ, 2023ರ ಜನವರಿಯಿಂದ ಅದು ಉಚಿತ. ‘ಒಂದು ದೇಶ ಒಂದು ಪಡಿತರ ಚೀಟಿ’ ವ್ಯವಸ್ಥೆಯಡಿ, ಆಧಾರ್ ಜೋಡಣೆಯಾಗಿರುವ ಚೀಟಿಯ ಸದಸ್ಯನೊಬ್ಬ ದೇಶದ ಯಾವುದೇ ನ್ಯಾಯಬೆಲೆ ಅಂಗಡಿಯಲ್ಲಿ ಬೆರಳಚ್ಚು ಒತ್ತಿ ತನ್ನ ಪಾಲಿನಷ್ಟನ್ನು ಪಡೆಯಬಹುದು, ಉಳಿದ ಪಾಲನ್ನು ಮನೆಯವರು ಊರಿನಲ್ಲೇ ಪಡೆಯಬಹುದು. ಕರ್ನಾಟಕ, ಮಹಾರಾಷ್ಟ್ರಗಳೆರಡೂ 2020ರ ಆರಂಭದಿಂದಲೇ ಇದರಲ್ಲಿವೆ. ಒಂದೇ ಕುಟುಂಬ ಎರಡು ಒಲೆಗಳಲ್ಲಿ ಬದುಕಬಹುದೆಂಬುದನ್ನು ಒಪ್ಪಿಕೊಂಡ ಅಪರೂಪದ ಸರ್ಕಾರಿ ಏರ್ಪಾಡು ಇದಾದ್ದರಿಂದ ಅದರ ಮಹತ್ವ ಐದು ಕಿಲೋಗಿಂತ ದೊಡ್ಡದು. ಆದರೆ ಕರ್ನಾಟಕ ಸರ್ಕಾರ ತನ್ನ ಬೊಕ್ಕಸದಿಂದ ಸೇರಿಸುವ ಅನ್ನಭಾಗ್ಯದ ಹೆಚ್ಚುವರಿ ಪಾಲು ಗಡಿ ದಾಟುವುದಿಲ್ಲ, ಕೇಂದ್ರದ ಪಾಲು ಮಾತ್ರ ದಾಟುತ್ತದೆ; ಖಾನಾವಳಿಯಲ್ಲಿ ಉಣ್ಣುವವನು ತನ್ನ ಪಾಲನ್ನೂ ಊರಿನಲ್ಲೇ ಬಿಡುವುದು ಮೇಲು.

ಸಂಬಳದ ಚೀಟಿಯನ್ನು ಓದುವುದು ಒಂಟಿಯಾಗಿರುವವರು ಕಲಿಯಬೇಕಾದ ಮೊದಲ ವಿದ್ಯೆ. ತಿಂಗಳಿಗೆ 15,000 ರೂಪಾಯಿ ವೇತನವನ್ನು ಉದಾಹರಣೆಗೆ ತೆಗೆದುಕೊಂಡರೆ, ಭವಿಷ್ಯ ನಿಧಿಗೆ ಶೇಕಡ 12ರಂತೆ 1,800 ರೂಪಾಯಿ, ನೌಕರರ ರಾಜ್ಯ ವಿಮೆಗೆ ಶೇಕಡ 0.75ರಂತೆ 113 ರೂಪಾಯಿ, ಮಹಾರಾಷ್ಟ್ರದ ವೃತ್ತಿ ತೆರಿಗೆ 200 ರೂಪಾಯಿ ಕಳೆದು ಕೈಗೆ ಬರುವುದು 12,887. ಇದೇ ವೇತನಕ್ಕೆ ಕಲಬುರಗಿಯಲ್ಲಿ ವೃತ್ತಿ ತೆರಿಗೆ ಇಲ್ಲ, ದೌಂಡದಲ್ಲೂ ದುಡಿಯುವವಳು ಹೆಣ್ಣಾದರೆ 25,000 ರೂಪಾಯಿಯವರೆಗೆ ವಿನಾಯಿತಿ ಇದೆ. ಮಾಲೀಕ ಕೊಡುವ 1,800ರಲ್ಲಿ 1,250 ರೂಪಾಯಿ ಪಿಂಚಣಿ ನಿಧಿಗೂ ಉಳಿದದ್ದು ಭವಿಷ್ಯ ನಿಧಿಗೂ ಹೋಗುತ್ತದೆ. ಗುತ್ತಿಗೆದಾರ ಬದಲಾದಾಗಲೆಲ್ಲ ಹೊಸ ಖಾತೆ ತೆರೆಸದೆ, 2014ರಿಂದ ಇರುವ ಯುಎಎನ್ ಎಂಬ ಒಂದೇ ಸಾರ್ವತ್ರಿಕ ಸಂಖ್ಯೆಯನ್ನು ಕೊಟ್ಟು ಮುಂದುವರಿಸುವುದು ನೌಕರನ ಕೈಯಲ್ಲಿರುವ ಕೆಲಸ. ಅಲ್ಲಲ್ಲಿ ಚದುರಿದ ಖಾತೆಗಳನ್ನು ಒಗ್ಗೂಡಿಸುವುದಕ್ಕೆ ಆಮೇಲೆ ವರ್ಷಗಳೇ ಹಿಡಿಯುವುದುಂಟು.

ಕಡಿತಗಳಲ್ಲಿ ಅತಿ ಚಿಕ್ಕದಾದ 113 ರೂಪಾಯಿಯೇ ಒಂಟಿ ಬಾಳುವೆಗೆ ಅತಿ ದೊಡ್ಡ ಆಸರೆ. ಕೂಡು ಕುಟುಂಬವೆಂಬುದು ಭಾವನೆಯ ನೆಲೆಯಾಗಿರುವಂತೆಯೇ ಒಂದು ವಿಮಾ ಸಂಸ್ಥೆಯೂ ಆಗಿತ್ತು: ಒಬ್ಬ ಹಾಸಿಗೆ ಹಿಡಿದರೆ ಇನ್ನೊಬ್ಬ ಹೊಲಕ್ಕೆ ಹೋಗುತ್ತಿದ್ದ, ಮತ್ತೊಬ್ಬಳು ಗಂಜಿ ಕಾಯಿಸುತ್ತಿದ್ದಳು, ಇದಾವುದಕ್ಕೂ ಹಣ ಕೊಡಬೇಕಿರಲಿಲ್ಲ. ಕೋಣೆಯಲ್ಲಿ ಒಬ್ಬನೇ ಇರುವವನು ಇದೆಲ್ಲವನ್ನೂ ಹಣ ಕೊಟ್ಟು ಅಥವಾ ಕಾಗದ ತೋರಿಸಿ ಪಡೆಯಬೇಕು. 1948ರ ಕಾಯ್ದೆಯಿಂದ ಹುಟ್ಟಿದ, ಇಎಸ್‌ಐ ಎಂದು ಎಲ್ಲರೂ ಕರೆಯುವ ಈ ವಿಮೆ, ತಿಂಗಳಿಗೆ 21,000 ರೂಪಾಯಿಯವರೆಗಿನ ವೇತನದವರಿಗೆ ಅನ್ವಯಿಸುತ್ತದೆ, ಮಾಲೀಕ ಶೇಕಡ 3.25 ಸೇರಿಸುತ್ತಾನೆ, ಗುತ್ತಿಗೆ ಕಾರ್ಮಿಕರೂ ಇದರೊಳಗೆ ಬರುತ್ತಾರೆ. ಚಿಕಿತ್ಸೆಯಷ್ಟೇ ಅಲ್ಲದೆ, ವೈದ್ಯರು ರಜೆಯ ಪ್ರಮಾಣಪತ್ರ ಕೊಟ್ಟ ದಿನಗಳಿಗೆ ವೇತನದ ಶೇಕಡ 70ರಷ್ಟು ಹಣ ವರ್ಷಕ್ಕೆ 91 ದಿನಗಳವರೆಗೆ ಸಿಗುತ್ತದೆ. ಇದಕ್ಕೆ ಹಿಂದಿನ ಆರು ತಿಂಗಳ ವಂತಿಗೆ ಅವಧಿಯಲ್ಲಿ ಕನಿಷ್ಠ 78 ದಿನಗಳ ವಂತಿಗೆ ಸಂದಿರಬೇಕು. ಇದಕ್ಕಿಂತ ಕಡಿಮೆ ಜನರಿಗೆ ತಿಳಿದಿರುವ ಸಂಗತಿಯೆಂದರೆ, ಅವಲಂಬಿತರು ಬೇರೆ ಊರಿನಲ್ಲಿದ್ದರೆ ಅವರು ಅಲ್ಲಿಯೇ ಚಿಕಿತ್ಸೆ ಪಡೆಯಲು ಪ್ರತ್ಯೇಕ ಗುರುತಿನ ಚೀಟಿ ಪಡೆಯಬಹುದು. ತಿಂಗಳಿಗೆ 9,000 ರೂಪಾಯಿಗಿಂತ ಹೆಚ್ಚು ಆದಾಯವಿಲ್ಲದ ತಂದೆತಾಯಿ ಅವಲಂಬಿತರೆನಿಸಿಕೊಳ್ಳುತ್ತಾರೆ. ಕಲಬುರಗಿಯ ಸೇಡಂ ರಸ್ತೆಯಲ್ಲಿ ಇದೇ ನಿಗಮದ ವೈದ್ಯಕೀಯ ಕಾಲೇಜೂ ಆಸ್ಪತ್ರೆಯೂ ಇವೆ. ಕುರಕುಂಭದಲ್ಲಿ ಕಡಿತವಾದ ನೂರಾಹದಿಮೂರು ರೂಪಾಯಿ ಕಲಬುರಗಿಯಲ್ಲಿ ತಾಯಿಯ ರಕ್ತದೊತ್ತಡದ ಗುಳಿಗೆಯಾಗಬಲ್ಲದು ಎಂಬುದನ್ನು ಸಂಬಳದ ಚೀಟಿ ಹೇಳುವುದಿಲ್ಲ, ಸೇರಿದ ಮೊದಲ ವಾರದಲ್ಲೇ ಕುಟುಂಬದ ವಿವರಗಳನ್ನು ತುಂಬಿಸಿದವನಿಗೆ ಮಾತ್ರ ಅದು ತಿಳಿಯುತ್ತದೆ.

ಆಪತ್ಕಾಲದ ನಿಧಿ ಎಷ್ಟಿರಬೇಕೆಂಬ ಪ್ರಶ್ನೆಗೂ ಇಲ್ಲಿಂದಲೇ ಉತ್ತರ ತೆಗೆಯಬಹುದು. ಆರು ತಿಂಗಳ ಸಂಬಳವನ್ನು ಕೂಡಿಡಬೇಕೆಂಬ ಪುಸ್ತಕದ ಮಾತು ಇಷ್ಟು ವೇತನದವರಿಗೆ ಎಟುಕುವುದಿಲ್ಲ, ಎಟುಕದ ಗುರಿ ಬೇಗ ಕೈಬಿಡುವಂತೆ ಮಾಡುತ್ತದೆ. 15,000 ವೇತನದವನು ಕಾಯಿಲೆ ಬಿದ್ದರೆ ತಿಂಗಳಿಗೆ 10,500ರಷ್ಟು ಸಿಗುತ್ತದೆ, ಕೈಗೆ ಬರುತ್ತಿದ್ದ 12,887ಕ್ಕೆ ಹೋಲಿಸಿದರೆ ಕೊರತೆ 2,400ರ ಆಸುಪಾಸು, ಮೂರು ತಿಂಗಳಿಗೆ ಏಳು ಸಾವಿರದಷ್ಟು. ಹಣ ಮಂಜೂರಾಗಿ ಬರುವವರೆಗೆ ಬಾಡಿಗೆ, ಖಾನಾವಳಿಗಳನ್ನು ನಡೆಸಲು ಒಂದು ತಿಂಗಳ ಖರ್ಚು ಕೈಯಲ್ಲಿರಬೇಕು. ಇದಕ್ಕೆ ಕರೆ ಬಂದ ರಾತ್ರಿಯೇ ಊರಿಗೆ ಹೊರಟು ಒಂದು ವಾರ ಸಂಬಳವಿಲ್ಲದೆ ಇದ್ದು ಬರುವ ಖರ್ಚನ್ನು ಸೇರಿಸಬೇಕು. ಈ ಮೂರೂ ಕೂಡಿದ ಮೊತ್ತ ಎರಡು ತಿಂಗಳ ಸಂಬಳವನ್ನು ಮೀರುವುದಿಲ್ಲ, ವರ್ಷ ಒಂದೂವರೆ ವರ್ಷದಲ್ಲಿ ಕೂಡಿಸಬಹುದಾದದ್ದು. ಇಎಸ್‌ಐ ಇಲ್ಲದ ಸಣ್ಣ ಅಂಗಡಿ, ಗ್ಯಾರೇಜುಗಳಲ್ಲಿ ದುಡಿಯುವವರಿಗೆ ಇದು ಸಾಲದು, ಅವರ ಸ್ಥಿತಿ ನಿಜವಾಗಿಯೂ ಕಠಿಣ. ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ವಿಮೆ ಮತ್ತು 436 ರೂಪಾಯಿಯ ಜೀವನ ಜ್ಯೋತಿ ವಿಮೆ ಅವರಿಗೆ ಅಪಘಾತ ಮತ್ತು ಸಾವಿನ ಎದುರು ಎರಡೆರಡು ಲಕ್ಷದ ರಕ್ಷಣೆ ಕೊಡುತ್ತವೆಯಾದರೂ, ಜ್ವರದಲ್ಲಿ ಮಲಗಿದ ಹದಿನೈದು ದಿನಗಳ ಕೂಲಿಯನ್ನು ಯಾರೂ ಕೊಡುವುದಿಲ್ಲ.

ಊರಿಗೆ ಹಣ ಕಳಿಸುವ ರೀತಿ ಒಂದು ತಲೆಮಾರಿನಲ್ಲಿ ಗುರುತು ಸಿಗದಷ್ಟು ಬದಲಾಗಿದೆ. ಅಂಚೆ ಇಲಾಖೆ 1880ರಲ್ಲಿ ಆರಂಭಿಸಿದ ಮನಿಯಾರ್ಡರ್ ಸಂಬಳದ ಬೆನ್ನಿಗೆ ಹೊರಟು ಹಳ್ಳಿಗೆ ಒಂದು ನಿಶ್ಚಿತ ವಾರದಲ್ಲಿ ಮುಟ್ಟುತ್ತಿತ್ತು, ಅದರ ಫಾರ್ಮಿನಲ್ಲಿ ನಾಲ್ಕು ಸಾಲು ಬರೆಯಲು ಸ್ಥಳವಿತ್ತು, ಮನೆಯವರು ಆ ವಾರವನ್ನು ನೋಡಿಕೊಂಡೇ ಸಂತೆಯ ಸಾಮಾನು ತರುತ್ತಿದ್ದರು. 2016ರಲ್ಲಿ ಬಂದ ಯುಪಿಐ ಹಣವನ್ನು ಕ್ಷಣದಲ್ಲಿ ಮುಟ್ಟಿಸುತ್ತದೆ, ಕಮಿಷನ್ ಇಲ್ಲ, ಸಾಲಿನಲ್ಲಿ ನಿಲ್ಲಬೇಕಿಲ್ಲ. ಇದು ಬಡವರಿಗೆ ದೊರೆತ ದೊಡ್ಡ ಅನುಕೂಲ. ಆದರೆ ತಿಂಗಳಿಗೊಮ್ಮೆ ಹೋಗುತ್ತಿದ್ದ ಮೊತ್ತ ಈಗ ಮುನ್ನೂರು, ಐನೂರುಗಳಾಗಿ ಒಡೆದು ಯಾವ ದಿನವಾದರೂ ಹೋಗುತ್ತದೆ, ಕೇಳುವವರಿಗೆ ತಾವು ಎಷ್ಟು ಕೇಳಿದೆವೆಂಬ ಲೆಕ್ಕವಿಲ್ಲ, ಕೊಡುವವನಿಗೆ ಇಲ್ಲವೆನ್ನಲು ಒಂದು ತಾರೀಖಿನ ನೆಪವೂ ಇಲ್ಲ. ಆದ್ದರಿಂದ ಆ ತಾರೀಖನ್ನು ಮತ್ತೆ ಸ್ಥಾಪಿಸಿಕೊಳ್ಳುವುದು ಉಚಿತ: ಸಂಬಳದ ಖಾತೆಯಿಂದ ಗೊತ್ತಾದ ದಿನ ಗೊತ್ತಾದ ಮೊತ್ತ ಊರಿನ ಖಾತೆಗೆ ತಾನಾಗಿಯೇ ಹೋಗುವಂತೆ ಬ್ಯಾಂಕಿಗೆ ಸ್ಥಾಯಿ ಸೂಚನೆ ಕೊಟ್ಟು, ಆಪತ್ತಿನ ಹಣವನ್ನು ಯುಪಿಐ ಜೋಡಿಸದ ಇನ್ನೊಂದು ಖಾತೆಯಲ್ಲಿ ಇಡಬಹುದು. 2023ರ ಆಗಸ್ಟ್‌ನಿಂದ ಕರ್ನಾಟಕದಲ್ಲಿ ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ ಕೊಡುವ ಗೃಹಲಕ್ಷ್ಮಿ ಯೋಜನೆ ಬಂದ ಮೇಲೆ ಊರಿನ ಒಲೆಗೂ ತನ್ನದೇ ಆದಾಯವಿದೆ; ಎರಡೂ ಕಡೆಯವರು ಒಮ್ಮೆ ಕೂತು, ಕಂತು ತಡವಾದ ತಿಂಗಳು ಏನು ಮಾಡುವುದೆಂಬುದನ್ನೂ ಸೇರಿಸಿ, ಲೆಕ್ಕವನ್ನು ಮತ್ತೆ ಹಾಕಿಕೊಳ್ಳುವುದು ಯುಕ್ತ.

ಉಳಿತಾಯದ ಚರಿತ್ರೆಯಲ್ಲಿ ಕನ್ನಡ ನಾಡಿನ ಕೊಡುಗೆಯೊಂದು ಒಂಟಿ ದುಡಿಮೆಗಾರನಿಗೆಂದೇ ಮಾಡಿದಂತಿದೆ. ಉಡುಪಿಯಲ್ಲಿ 1925ರಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ದಿನಕ್ಕೆ ಎರಡಾಣೆಯಷ್ಟು ಚಿಕ್ಕ ಮೊತ್ತವನ್ನೂ ಪ್ರತಿನಿಧಿಯೊಬ್ಬ ಮನೆಬಾಗಿಲಿಗೇ ಬಂದು ಪಡೆಯುತ್ತಿದ್ದ. ಉಳಿತಾಯವನ್ನು ಸಂಕಲ್ಪದ ಬಲಕ್ಕೆ ಬಿಡದೆ ಬಾಗಿಲು ತಟ್ಟುವ ಒಬ್ಬ ಮನುಷ್ಯನಿಗೆ ಒಪ್ಪಿಸಿದ್ದು ಅದರ ಜಾಣ್ಮೆ, ಮನೆಯಲ್ಲಿ ಇನ್ನೊಬ್ಬರು ಕೇಳುವವರಿಲ್ಲದವನಿಗೆ ಇಂಥ ಕೇಳುವವನೇ ಬೇಕು. ದೌಂಡದಲ್ಲಿ ಇದರ ಸ್ಥಾನವನ್ನು ಭಿಶಿ ಮತ್ತು ಪತಸಂಸ್ಥೆಗಳು ಹಿಡಿದಿವೆ. ಭಿಶಿಯೆಂದರೆ ಕನ್ನಡಿಗರ ಚೀಟಿಯೇ, ಹತ್ತಿಪ್ಪತ್ತು ಜನ ತಿಂಗಳಿಗಿಷ್ಟೆಂದು ಹಾಕಿ ಸರದಿಯಲ್ಲಿ ಎತ್ತಿಕೊಳ್ಳುವುದು. ಪರಸ್ಪರ ಬಲ್ಲವರ ನಡುವೆ ಅದು ಚೆನ್ನಾಗಿ ನಡೆಯುತ್ತದೆ, ಆದರೆ ವರ್ಗವಾಗಿ ಹೋಗುವವರು, ಕೆಲಸ ಬಿಟ್ಟು ಊರಿಗೆ ಮರಳುವವರು ತುಂಬಿದ ಜಂಕ್ಷನ್ ಊರಿನಲ್ಲಿ ಸರದಿ ಮುಗಿಯುವವರೆಗೆ ಎಲ್ಲರೂ ಇರುತ್ತಾರೆಂಬ ಭರವಸೆಯಿಲ್ಲ. ಪತಸಂಸ್ಥೆ ಸಹಕಾರಿ ಕಾಯ್ದೆಯಡಿ ನೋಂದಾಯಿತವಾದ ಪತ್ತಿನ ಸಂಘ, ಬ್ಯಾಂಕ್ ಅಲ್ಲ. ಬ್ಯಾಂಕಿನಲ್ಲಿಟ್ಟ ಠೇವಣಿಗೆ 2020ರ ಫೆಬ್ರವರಿಯಿಂದ ಐದು ಲಕ್ಷ ರೂಪಾಯಿಯವರೆಗೆ ಠೇವಣಿ ವಿಮೆ ಇದೆ, ಸಹಕಾರಿ ಬ್ಯಾಂಕಿಗೂ ಅದು ಅನ್ವಯಿಸುತ್ತದೆ. ಪತಸಂಸ್ಥೆಗಾಗಲಿ, ಕರ್ನಾಟಕದ ಸೌಹಾರ್ದ ಪತ್ತಿನ ಸಹಕಾರಿಗಳಿಗಾಗಲಿ ಆ ವಿಮೆ ಇಲ್ಲ. ಬಡ್ಡಿ ಒಂದೆರಡು ಶೇಕಡ ಹೆಚ್ಚೆಂಬ ಕಾರಣಕ್ಕೆ ಆಪತ್ತಿನ ಹಣವನ್ನು ಅಲ್ಲಿಡುವುದು ತಪ್ಪು, ಮತ್ತು ಇದನ್ನು ಸ್ಪಷ್ಟವಾಗಿಯೇ ಹೇಳಬೇಕಾಗಿದೆ, ಏಕೆಂದರೆ ಸಂಘದ ಬೋರ್ಡೂ ಕೌಂಟರೂ ಪಾಸ್‌ಬುಕ್ಕೂ ನೋಡಲು ಬ್ಯಾಂಕಿನಂತೆಯೇ ಇರುತ್ತವೆ.

ಒಂಟಿಯಾಗಿ ದುಡಿಯುವ ಹೆಣ್ಣುಮಕ್ಕಳ ಲೆಕ್ಕದಲ್ಲಿ ಒಂದು ಸಾಲು ಹೆಚ್ಚು. ದಾದಿ, ಶಿಕ್ಷಕಿ, ರೈಲ್ವೆ ಗುಮಾಸ್ತೆ ಯಾರೇ ಆಗಲಿ, ನಿಲ್ದಾಣದಿಂದ ದೂರದ ಅಗ್ಗದ ಕೋಣೆಯ ಬದಲು ದೀಪವಿರುವ ಬೀದಿಯ ದುಬಾರಿ ಕೋಣೆಯನ್ನು ಆರಿಸುತ್ತಾರೆ, ರಾತ್ರಿ ನಡೆದು ಹೋಗುವ ಬದಲು ರಿಕ್ಷಾ ಹಿಡಿಯುತ್ತಾರೆ. ಸುರಕ್ಷತೆಯ ಈ ಖರ್ಚು ಯಾವ ಸೂತ್ರದಲ್ಲೂ ಕಾಣುವುದಿಲ್ಲ, ಅವರ ಉಳಿತಾಯ ಕಡಿಮೆಯಾದದ್ದಷ್ಟೇ ಕಾಣುತ್ತದೆ. ದುಡಿಯುವ ಮಹಿಳೆಯರ ವಸತಿನಿಲಯಗಳಿಗೆ ಕೇಂದ್ರದ ಯೋಜನೆ 1972–73ರಿಂದ ಇದೆ, ಈಗ ಅದಕ್ಕೆ ಸಖಿ ನಿವಾಸವೆಂಬ ಹೆಸರು. ತಾಲೂಕು ಮಟ್ಟದ ಕೈಗಾರಿಕಾ ಊರುಗಳಿಗೆ ಅದು ಬರುವುದು ಮಹಾನಗರಗಳಿಗೆ ಬರುವಷ್ಟೇ ತುರ್ತು.

ಕೊನೆಗೆ ನಾಮನಿರ್ದೇಶನದ ವಿಷಯ, ಅಂದರೆ ತಾನಿಲ್ಲದಾಗ ಹಣವನ್ನು ಯಾರ ಕೈಗೆ ಒಪ್ಪಿಸಬೇಕೆಂದು ಬರೆದಿಡುವುದು. ಬ್ಯಾಂಕಿನ ನಾಮಿನಿ ಹಣವನ್ನು ಪಡೆಯುವ ವಿಶ್ವಸ್ತನಷ್ಟೇ ಹೊರತು ಒಡೆಯನಲ್ಲ, ಒಡೆತನವನ್ನು ಉತ್ತರಾಧಿಕಾರದ ಕಾನೂನು ಅಥವಾ ಉಯಿಲು ತೀರ್ಮಾನಿಸುತ್ತದೆಂಬುದು ನ್ಯಾಯಾಲಯಗಳ ಸ್ಥಿರ ನಿಲುವು. ಆದರೂ ನಾಮಿನಿಯಿಲ್ಲದ ಖಾತೆಗಾಗಿ ಹಳ್ಳಿಯ ತಾಯಿಯೊಬ್ಬಳು ಪರಭಾಷೆಯ ಊರಿನ ಶಾಖೆಗೆ ಎಷ್ಟು ಬಾರಿ ಅಲೆಯಬೇಕಾದೀತೆಂಬುದನ್ನು ಊಹಿಸಬಹುದು. ಹತ್ತು ವರ್ಷ ಯಾರೂ ಮುಟ್ಟದ ಠೇವಣಿ ರಿಸರ್ವ್ ಬ್ಯಾಂಕಿನ ನಿಧಿಗೆ ವರ್ಗವಾಗುತ್ತದೆ, ವಾರಸುದಾರರು ಅದನ್ನು ಆಮೇಲೂ ಕೇಳಿ ಪಡೆಯಬಹುದು, 2023ರಿಂದ ಉದ್ಗಮ್ ಎಂಬ ಜಾಲತಾಣದಲ್ಲಿ ಹುಡುಕಲೂಬಹುದು, ಆದರೆ ಖಾತೆಯೊಂದು ಇತ್ತೆಂಬುದೇ ಮನೆಯವರಿಗೆ ತಿಳಿದಿರಬೇಕಲ್ಲ. ಯಾವ ಬ್ಯಾಂಕು, ಯಾವ ಶಾಖೆ, ಯುಎಎನ್ ಸಂಖ್ಯೆ, ವಿಮೆಯ ಸಂಖ್ಯೆ, ಕೋಣೆಯ ಮಾಲೀಕನ ಮತ್ತು ಖಾನಾವಳಿಯವರ ಫೋನು ಇಷ್ಟನ್ನು ಕನ್ನಡದಲ್ಲಿ ಬರೆದ ಒಂದು ಹಾಳೆ ಊರಿನ ಟ್ರಂಕಿನಲ್ಲಿಯೂ, ಊರಿನವರ ಹೆಸರು, ಫೋನುಗಳನ್ನು ಮರಾಠಿಯಲ್ಲಿ ಬರೆದ ಇನ್ನೊಂದು ಹಾಳೆ ದೌಂಡದ ಪಕ್ಕದ ಕೋಣೆಯವರ ಬಳಿಯೂ ಇರಬೇಕು.

ಭವಿಷ್ಯ ನಿಧಿಯಲ್ಲಿ ಒಂದು ವಿಶೇಷ ನಿಯಮವಿದೆ: ನಿಯಮದ ಅರ್ಥದಲ್ಲಿ ಕುಟುಂಬವಿಲ್ಲದವನು ಮಾಡಿದ ನಾಮನಿರ್ದೇಶನ, ಅವನಿಗೆ ಕುಟುಂಬ ಬಂದೊಡನೆ ಅಸಿಂಧುವಾಗುತ್ತದೆ. ಹೀಗಾಗಿ ಮದುವೆಯಾಗಿ ಹೆಂಡತಿಯನ್ನು ದೌಂಡಕ್ಕೆ ಕರೆತರುವ ತಿಂಗಳಲ್ಲಿ ಮಾಡಬೇಕಾದ ಕೆಲಸಗಳಲ್ಲಿ ಹೊಸ ನಾಮನಿರ್ದೇಶನವೇ ಮೊದಲನೆಯದು; ಅದರ ಬೆನ್ನಿಗೆ ಇಎಸ್‌ಐ ಚೀಟಿಯಲ್ಲಿ ಅವಳ ಹೆಸರು ಸೇರಿಸುವುದು, ಅವಳ ತವರಿನ ಪಡಿತರ ಚೀಟಿಯಿಂದ ಹೆಸರು ತೆಗೆಸಿ ಗಂಡನ ಚೀಟಿಗೆ ಹಾಕಿಸುವುದು, ಸಣ್ಣ ಸಿಲಿಂಡರಿನ ಬದಲು ಪೂರ್ಣ ಸಂಪರ್ಕ ಪಡೆಯುವುದು, ಖಾನಾವಳಿಯ ಮುಂಗಡದಲ್ಲಿ ಉಳಿದದ್ದನ್ನು ತಿಂಗಳು ಮುಗಿಯುವ ಮೊದಲೇ ಲೆಕ್ಕ ಮಾಡಿಸಿಕೊಳ್ಳುವುದು ಬರುತ್ತವೆ. ಊರಿನ ಮನೆಯ ಮೊತ್ತವನ್ನೂ ಆಗಲೇ ಮತ್ತೆ ನಿಗದಿಮಾಡಬೇಕು, ಏಕೆಂದರೆ ದೌಂಡದ ಒಲೆ ಅಂದಿನಿಂದ 1 ಆಗಿ ಉಳಿಯದೆ 1.5 ಆಗಿರುತ್ತದೆ.